ಸೈನ್ಯ ಬಿಟ್ಟು ಲೋಕಸಭೆಗೆ ನಿಲ್ಲೋದು: ಅನುಭವ ಇದ್ದೋರು ಹೇಳಿ

ಹಾಸನದ ಅಕ್ಕ:
ನನ್ನ ತಮ್ಮ ಆರ್ಮೀಲಿ ಲೆಫ್ಟಿನೆಂಟ್ ಕರ್ನಲ್, ಪೆನ್ಶನ್‌ಗೆ ಬೇಕಾದ 20 ವರ್ಷ ಮುಗಿದಿದೆ. ಒಂದು ಪಕ್ಷದವರು 2029ರ ಲೋಕಸಭೆಗೆ ನಿಮ್ಮಂಥೋರೇ ಬೇಕು ಅಂತ ಫೋನ್ ಮಾಡ್ತಾನೇ ಇದಾರೆ, ಇವ್ನು ಸೈನ್ಯ ಬಿಡೋಕೆ ಪೇಪರ್ ಹಾಕ್ತೀನಿ ಅಂತ ಕೂತಿದಾನೆ. ಮಗಳು 10ನೇ ಕ್ಲಾಸು, ಮನೆ ಲೋನ್ ಬೇರೆ. ಅಪ್ಪ ಬಿಲ್‌ಕುಲ್ ಬೇಡ ಅಂತಾರೆ. ಈ ದಾರೀಲಿ ಹೋದೋರು ದಯವಿಟ್ಟು ಹೇಳಿ.

ಬೆಳಗಾವಿ ಕರ್ನಲ್:
ಅಕ್ಕಾರ, ನಾ ಹೇಳ್ತೀನಿ ಕೇಳ್ರಿ. ನನಗೂ ಹಿಂಗ ಫೋನ್ ಬರ್ತಿದ್ವು. 2018ರಾಗ ಪೇಪರ್ ಹಾಕಿ ಬಂದೆ, 2019ಕ್ಕ ಟಿಕೆಟ್ ನಿಮಗ ಅಂದ್ರು, ಲಿಸ್ಟ್ ಬಂದಾಗ ಹೆಸರು ಬ್ಯಾರೆಯವ್ರದು. ಮರುದಿನದಿಂದ ಅವ್ರ ಫೋನ್ ಸ್ವಿಚ್ ಆಫ್. ಸಿಟ್ಟಿಗೆ ಪಕ್ಷೇತರ ನಿಂತೆ. ಠೇವಣಿ 25,000 ಅಂದ್ರ ಚಿಲ್ಲರ ರೊಕ್ಕ, ಅದನ್ನ ಬಿಡ್ರಿ. ಪಕ್ಷೇತರಗ ಹತ್ತು ಮಂದಿ ಸೂಚಕರು ಬೇಕು, ನನ್ನ ಕಡೆ ಒಬ್ಬಾಂವ ಮತದಾರರ ಪಟ್ಟಿಯ ಭಾಗ ಸಂಖ್ಯೆ ತಪ್ಪು ಬರ್ದು ಮತ್ತ ಓಡಾಟ. ಕುರ್ಚಿಗೆ ಪೆಂಡಾಲ್‌ದಾಂವ ತಗೊಂಡಿದ್ದು 6 ರೂಪಾಯಿ, ಜಿಲ್ಲಾಡಳಿತದ ದರಪಟ್ಟಿಯೊಳಗ 10, ಚುನಾವಣಾ ವೀಕ್ಷಕರು ನಮ್ಮ ಖರ್ಚು ತಾವ ಬರ್ಕೊಳ್ಳೂ ನೆರಳು ರಿಜಿಸ್ಟರ್‌ನ್ಯಾಗ 10ರ ಲೆಕ್ಕಾನ ಏರ್ತು, ನನ್ನ ಬಿಲ್ ಯಾರೂ ಕೇಳಲಿಲ್ಲ. ಜೀಪ್ ದಿನಕ್ಕ 2,800, ಡ್ರೈವರ್ ಭತ್ತೆ 500, ಡೀಸೆಲ್ ಬ್ಯಾರೆ. ಎಂಟು ವಿಧಾನಸಭಾ ಕ್ಷೇತ್ರ, ಸುಮಾರು ಎರಡು ಸಾವಿರ ಬೂತ್, ಅರ್ಧಕ್ಕೂ ಏಜೆಂಟ್ ಸಿಗಲಿಲ್ಲ, ಸಿಕ್ಕವ್ರು ಒಬ್ಬೊಬ್ಬರು 700 ಮತ್ತ ಊಟ. ಚುನಾವಣಾ ಕಮಿಷನ್ ಹಾಕಿದ ಖರ್ಚಿನ ಮಿತಿ ಆಗ 70 ಲಕ್ಷ ಇತ್ತು, ಈಗ 95 ಮಾಡ್ಯಾರ, ಅದು ದೊಡ್ಡವ್ರ ಮಾತು, ನಾ ಹಾಕಿದ್ದು ಪೆನ್ಶನ್ ಅರ್ಧ ಕಮ್ಯೂಟ್ ಮಾಡಿ, ಅಂದ್ರ ಮುಂದ ಬರೂದನ್ನ ಒಮ್ಮೆಲೆ ತಗೊಂಡು, ಬಂದ ರೊಕ್ಕ. ಆ ಅರ್ಧ ಪೆನ್ಶನ್ ಮತ್ತ ಶುರು ಆಗೂದು 15 ವರ್ಷಕ್ಕ. ಆರರಾಗ ಒಂದು ಪಾಲು ಓಟು ಬರಲಿಲ್ಲ, ಠೇವಣಿನೂ ಹೋತು. ಸೋತ ಮ್ಯಾಲೂ 30 ದಿನದಾಗ ಲೆಕ್ಕ ಕೊಡ್ಬೇಕು, ಇಲ್ಲಂದ್ರ ಮೂರು ವರ್ಷ ಅನರ್ಹ. ಕೊಟ್ಟೆ, ಹೆಂಡ್ತಿ ಕೂತು ಬರದ್ಳು.

ಕುಡ್ಲದ ಕ್ಯಾಪ್ಟನ್:
ಕರ್ನಲ್ ಸರ್, ನೀವು ಸೀದಾ ಯೂನಿಟಿನಿಂದ ಬಂದು ಟಿಕೆಟ್ ಕೇಳಿದ್ರೆ ಯಾರು ಕೊಡ್ತಾರೆ ಮಾರಾಯ್ರೆ? ನಮ್ಮಲ್ಲಿ ಬ್ರಿಜೇಶ್ ಚೌಟ 2024ರಲ್ಲಿ ಎಂಪಿ ಆದ್ರಲ್ಲ, ಗೋರ್ಖಾ ರೆಜಿಮೆಂಟಿನಲ್ಲಿದ್ದವರು, ಸೈನ್ಯ ಬಿಟ್ಟ ಮೇಲೆ ವರ್ಷಗಟ್ಟಲೆ ಪಕ್ಷದ ಕೆಲಸ, ಮಂಗಳೂರು ಕಂಬಳ, ಎಲ್ಲ ಮಾಡಿ ಆಮೇಲೆ ಬಂದದ್ದು. ನಾನೂ ಶಾರ್ಟ್ ಸರ್ವಿಸ್, ಅಂದ್ರೆ ಕೆಲವೇ ವರ್ಷದ ಸೈನ್ಯದ ಕೆಲಸ, ಮುಗಿಸಿ ಬಂದವ, ಮೊದ್ಲು ಬೂತಿನಲ್ಲಿ ಚೀಟಿ ಹಂಚಿದ್ದೇನೆ, ಮದುವೆ, ಬೊಜ್ಜ (ಸಾವಿನ ತಿಥಿ), ಭೂತಕೋಲ ಒಂದನ್ನೂ ಬಿಡದೆ ಹೋಗಿದ್ದೇನೆ, ನಾಚಿಕೆ ಎಂತದ್ದು? ಟಿಕೆಟ್ ಸಿಗ್ಲಿಲ್ಲ, ಆದ್ರೆ ಇವತ್ತು ನಾನು ಫೋನ್ ಮಾಡಿದ್ರೆ ತಹಶೀಲ್ದಾರ್ ಎತ್ತುತ್ತಾರೆ. ನಂಗೆ ಖುಷಿ ಉಂಟು.

ಬೆಳಗಾವಿ ಕರ್ನಲ್:
ಶಾರ್ಟ್ ಸರ್ವಿಸ್‌ದವ್ರಿಗೆ ಪೆನ್ಶನ್ನ ಇಲ್ಲ, ಕಳ್ಕೊಳ್ಳೂದು ಏನೈತಿ? ತಹಶೀಲ್ದಾರ್ ಫೋನ್ ಎತ್ತಲಿ ಅಂತ ಯಾರೂ ಸೈನ್ಯ ಬಿಡಂಗಿಲ್ಲ ತಮ್ಮಾ.

ಕುಡ್ಲದ ಕ್ಯಾಪ್ಟನ್:
ತಮ್ಮ ಅಂತ ಕರೀಲಿಕ್ಕೆ ಇದು ನಿಮ್ಮ ಮೆಸ್ ಅಲ್ಲ.

ಫೌಜಿ ಹೆಂಡ್ತಿ, ಬೆಂಗ್ಳೂರು:
ಇಬ್ರೂ ಜಗಳ ಆಮೇಲಾಡಿ. ಅಕ್ಕ, ಒಂದ್ ರ‍್ಯಾಂಕ್ ಒಂದ್ ಪೆನ್ಶನ್ ವಿಷ್ಯ ನಿಮ್ ತಮ್ಮಂಗೆ ಗೊತ್ತಾ? ಒಂದೇ ದರ್ಜೆ, ಒಂದೇ ಸರ್ವಿಸ್ ಇದ್ದೋರಿಗೆ ಯಾವಾಗ ರಿಟೈರ್ ಆದ್ರೂ ಒಂದೇ ಪೆನ್ಶನ್ ಅನ್ನೋದು. 2015ರ ನವೆಂಬರ್ 7ರ ಆದೇಶದಲ್ಲೇ ಇದೆ, ಮುಂದೆ ಸ್ವಂತ ಇಚ್ಛೆಯಿಂದ ಮೊದ್ಲೇ ಬಿಟ್ಟೋರಿಗೆ ಅದಿಲ್ಲ ಅಂತ. ಟ್ರಿಬ್ಯುನಲ್‌ಗೆ ಹೋದೋರು ಇದಾರೆ, ಕೇಸು ಅಂದ್ಮೇಲೆ ವಕೀಲರ ಫೀಸು ನಾವೇ ಕೊಡ್ಬೇಕಲ್ಲ. ನಮ್ಮೆಜಮಾನ್ರು ದೇಶಸೇವೆ ಎರಡನೇ ಇನ್ನಿಂಗ್ಸ್ ಅಂತ ಬಿಟ್ರು. ಕ್ವಾರ್ಟರ್ಸ್ ಖಾಲಿ ಮಾಡಿ ಬಾಡಿಗೆ ಮನೆ 32,000, ಅಡ್ವಾನ್ಸ್ ಎರಡೂವರೆ ಲಕ್ಷ, ಮನೆ ತುಂಬ ಜನ, ಬೆಳಿಗ್ಗೆಯಿಂದ ಟೀ. ಹಾಲಿನ ಬಿಲ್ಲೇ ತಿಂಗ್ಳಿಗೆ 9,000 ದಾಟಿದ್ದಿದೆ. ಸೈನ್ಯದಲ್ಲಿ ಸಿಗ್ತಿದ್ದ ಆಳು, ಸಹಾಯಕ್, ಈಗ ಇಲ್ಲ, ಲೋಟ ತೊಳಿಯೋಳು ನಾನು. ಹುಟ್ಟುಹಬ್ಬಕ್ಕೆ ಕಾರ್ಯಕರ್ತರು ಹಾಕಿದ ಫ್ಲೆಕ್ಸಲ್ಲಿ ಇವ್ರು ಮೂಲೇಲಿ, ಸ್ಟ್ಯಾಂಪ್ ಸೈಜು.

ಗಂಡಸಿ ಸುಬೇದಾರ:
ಆಫೀಸರ್‌ಗಳ ಗೋಳು ಓದಿ ಓದಿ ಸಾಕಾಯ್ತು ಕಣ್ರಪ್ಪ. ನಾನು 28 ವರ್ಷ ಸರ್ವಿಸ್ ಮಾಡಿ ಬಂದು ತಾಲ್ಲೂಕು ಪಂಚಾಯ್ತಿ ಟಿಕೆಟ್ ಕೇಳಿದ್ಕೆ, ನೀವು ಆಗಸ್ಟ್ ಹದಿನೈದಕ್ಕೆ ಬಾವುಟ ಹಾರ್ಸಿ ಸಾಕು ಅಂದ್ರು. ಕರ್ನಲ್ ಆದ್ರೆ ಮನೆಗೇ ಫೋನ್ ಬತ್ತದೆ. ಹಂಗಂತ ಗೆಲ್ತಾರಾ? ನಮ್ ಗಂಡಸೀಲೇ 1994ರಲ್ಲಿ ಕ್ಯಾಪ್ಟನ್ ಗೋಪಿನಾಥ್ ನಿಂತು ಸೋತ್ರು, ವಿಮಾನ ಕಂಪ್ನಿ ಕಟ್ಟಿ ಅಷ್ಟು ಹೆಸರು ಮಾಡಿದ್ಮೇಲೆ 2009ರಲ್ಲಿ ಬೆಂಗ್ಳೂರು ದಕ್ಷಿಣದಲ್ಲಿ ಪಕ್ಷೇತರ ನಿಂತ್ರು, ಆಗ್ಲೂ ಸೋಲೇ.

ಕುಡ್ಲದ ಕ್ಯಾಪ್ಟನ್:
ಸೋತವರ ಲಿಸ್ಟ್ ಮಾತ್ರ ಯಾಕೆ? ಜನರಲ್ ವಿ.ಕೆ. ಸಿಂಗ್ 2012ರ ಮೇಯಲ್ಲಿ ರಿಟೈರ್, 2014ರಲ್ಲಿ ಗಾಜಿಯಾಬಾದಿನಲ್ಲಿ ಐದು ಲಕ್ಷಕ್ಕಿಂತ ಜಾಸ್ತಿ ಲೀಡು. ಖಂಡೂರಿಯವರು ಮೇಜರ್ ಜನರಲ್ ಆಗಿದ್ದವರು, ಕೇಂದ್ರ ಮಂತ್ರಿ ಆಗಿ ಉತ್ತರಾಖಂಡಕ್ಕೆ ಸಿಎಂ ಆದ್ರು.

ಬೆಳಗಾವಿ ಕರ್ನಲ್:
ಅದು ಅಲೆ ಇದ್ದ ವರ್ಷ, ಪಕ್ಷದ ಓಟು. ಜನರಲ್ ಜೆ.ಜೆ. ಸಿಂಗ್ ಅವ್ರೂ ಸೇನಾ ಮುಖ್ಯಸ್ಥರ ಅಲ್ಲೇನು? 2017ರಾಗ ಪಟಿಯಾಲದಾಗ ಅಮರಿಂದರ್ ಸಿಂಗ್ ಎದುರು ಠೇವಣಿ ಹೋತು. ಎದುರಿನಾಂವನೂ ಫೌಜಿನ, ಆದ್ರ ಮಹಾರಾಜರ ಮನಿತನ. ಅಷ್ಟ್ಯಾಕ, ಕಾರ್ಯಪ್ಪನವ್ರ 1971ರಾಗ ಮುಂಬೈದಾಗ ಪಕ್ಷೇತರ ನಿಂತು ಸೋತ್ರು. ಅವ್ರಿಗೆ ಓಟು ಹಾಕದ ಜನ ನಮಗ ಹಾಕ್ತಾರ?

ಮಡಿಕೇರಿ ಮಳೆ:
ಕಾರ್ಯಪ್ಪನವರನ್ನ ನಿಮ್ಮ ಕುರ್ಚಿ ಬಾಡಿಗೆ ಲೆಕ್ಕದ ಜೊತೆ ಸೇರಿಸಬೇಡಿ. ಅವರು 1953ರಲ್ಲೇ ಸೇನೆಯಿಂದ ನಿವೃತ್ತಿ, ಚುನಾವಣೆಗೆ ನಿಂತಾಗ ವಯಸ್ಸು 70 ದಾಟಿತ್ತು. ಟಿಕೆಟ್ ಸಿಗಲಿಲ್ಲ ಅಂತ ಸಿಟ್ಟಿಗೆ ನಿಂತವರಲ್ಲ.

ಬೆಳಗಾವಿ ಕರ್ನಲ್:
ಸೋತ್ರು ಅಂದೆ, ಅವಮಾನ ಮಾಡಲಿಲ್ಲ. ನಿಮ್ಮೂರವ್ರಿಗಷ್ಟ ಅಲ್ಲ ಅವ್ರು.

ಗಂಡಸಿ ಸುಬೇದಾರ:
ಇನ್ನೊಂದ್ ಮಾತು, ಯೂನಿಫಾರ್ಮ್ ಫೋಟೊ ಹಾಕ್ಕಂಡು ಓಟು ಕೇಳೋದು ಸರೀನಾ? ಸೈನಿಕರ ಫೋಟೊ ಪ್ರಚಾರದಲ್ಲಿ ಬಳಸಬೇಡಿ ಅಂತ ಕಮಿಷನ್ 2013ರಲ್ಲೇ ಹೇಳಿ, 2019ರಲ್ಲಿ ಮತ್ತೆ ಪಕ್ಷಗಳಿಗೆ ಬರೀತು. ಆದ್ರೂ ನಮ್ ಕಡೆ ಒಬ್ರು ಮೆಡಲ್ ಹಾಕ್ಕಂಡು ಆಟೋ ಮೇಲೆಲ್ಲ ಅಂಟ್ಸಿದ್ರು.

ಕುಡ್ಲದ ಕ್ಯಾಪ್ಟನ್:
ಅದು ಸರ್ವಿಸಿನಲ್ಲಿದ್ದಾಗಿನ ನನ್ನದೇ ಫೋಟೊ ಆದ್ರೆ ಎಂತ ತಪ್ಪು? ನಾನು ಕಳ್ಳತನ ಮಾಡಿ ಹಾಕಿದ ಯೂನಿಫಾರ್ಮ್ ಅಲ್ಲ.

ಬೆಳಗಾವಿ ಕರ್ನಲ್:
ತಪ್ಪೋ ಒಪ್ಪೋ, ನನಗ ನೋಟಿಸ್ ಬಂತು. 400 ಫ್ಲೆಕ್ಸ್, ಚದರಡಿಗೆ 9 ರೂಪಾಯಿ, ಎಲ್ಲಾ ಇಳಿಸಿದ್ವಿ. ಇಳಿಸಿದ ಕೂಲಿನೂ ನನ್ನ ಚುನಾವಣಾ ಖರ್ಚಿಗೇ ಬಿತ್ತು. ಈಗ ಅದ ಫ್ಲೆಕ್ಸ್ ಕಣಕಿ ಬಣವಿ ಮ್ಯಾಲ ಹೊದಿಸೀನಿ, ಮಳಿಗೆ ಚಲೋ ತಡೀತೈತಿ.

ಹಾಸನದ ಅಕ್ಕ:
ಎಲ್ರಿಗೂ ಥ್ಯಾಂಕ್ಸ್. ಪೆನ್ಶನ್ ಆದೇಶದ ವಿಷ್ಯ ತಮ್ಮಂಗೆ ಕಳ್ಸಿದೀನಿ, ಓದಿ ಸುಮ್ನಾಗಿದಾನೆ. ಈ ಶನಿವಾರ ಪಕ್ಷದವರು ಒಂದು ಸಮಾವೇಶಕ್ಕೆ ಕರೆದಿದಾರೆ, ರಜೆ ಹಾಕಿ ಹೋಗ್ಲಾ ಅಂತಾನೆ. ಮಗಳ ಸ್ಕೂಲ್ ಬಗ್ಗೆ ಯಾರೂ ಹೇಳ್ಲಿಲ್ಲ.

ಫೌಜಿ ಹೆಂಡ್ತಿ, ಬೆಂಗ್ಳೂರು:
ಅಯ್ಯೋ, ರಜೇಲಿದ್ರೂ ಸರ್ವಿಸಲ್ಲೇ ಇದಾರೆ ಅಕ್ಕ! ಆರ್ಮಿ ರೂಲ್ಸ್ 1954, ರೂಲ್ 20, ರಾಜಕೀಯ ಸಭೆಗೆ ಹೋಗೋ ಹಾಗೇ ಇಲ್ಲ. ಯಾರಾದ್ರೂ ಒಂದು ಫೋಟೊ ಹಾಕಿದ್ರೆ ಮುಗೀತು, ಪೇಪರ್ ಹಾಕೋ ಮುಂಚೆನೇ ವಿಚಾರಣೆ. ಮಗಳು 10ನೇ ಕ್ಲಾಸ್ ಬೋರ್ಡ್ ಬರೆಯೋವರ್ಗೂ ಏನೂ ಮಾಡ್ಬೇಡಿ ಅಂತ ಹೇಳಿ.

ಕುಡ್ಲದ ಕ್ಯಾಪ್ಟನ್:
2029ಕ್ಕೆ ಟಿಕೆಟ್ ಬೇಕಾದ್ರೆ ಈಗ್ಲೇ ಬಿಡ್ಬೇಕು, ಬೋರ್ಡ್ ಎಕ್ಸಾಮ್ ಕಾಯ್ತಾ ಕೂತ್ರೆ ಬೂತ್ ಯಾರು ನೋಡ್ತಾರೆ?

ಬೆಳಗಾವಿ ಕರ್ನಲ್:
ಆಮ್ಯಾಲ ನೀವ ಹಾಲಿನ ಬಿಲ್ ಕೊಡ್ತೀರೇನು?