ಕಪ್ಪು ಹಿನ್ನೆಲೆಯ ಮುಂದೆ ಬೆಳ್ಳಕ್ಕಿ: ಯಾವ ಮೀಟರಿಂಗ್ ಸರಿ?

ಪ್ರಶ್ನೆ: ನೆರಳಿನ ನೀರಿನ ಮುಂದೆ ಬಿಸಿಲಲ್ಲಿ ನಿಂತ ಬೆಳ್ಳಕ್ಕಿ. ಮ್ಯಾಟ್ರಿಕ್ಸ್ ಮೀಟರಿಂಗ್‌ನಲ್ಲಿ (ಕ್ಯಾಮೆರಾ ಇಡೀ ಫ್ರೇಮಿನ ಬೆಳಕು ಅಳೆಯುವ ರೀತಿ) ತೆಗೆದರೆ ಗರಿಗಳ ವಿವರವೆಲ್ಲ ಸುಟ್ಟುಹೋಗುತ್ತದೆ. ಸ್ಪಾಟ್‌ಗೆ (ಸಣ್ಣ ಜಾಗವನ್ನಷ್ಟೇ ಅಳೆಯುವ ರೀತಿ) ಬದಲಿಸಿದರೆ ಹಕ್ಕಿಯೇ ಬೂದು. ಯಾವುದನ್ನು ನಂಬಬೇಕು?

ಉತ್ತರ 1: ಎರಡೂ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿವೆ. ಮೀಟರ್ ತಾನು ಅಳೆದದ್ದನ್ನು ನಡುಬೂದಿಗೆ ತರಲು ನೋಡುತ್ತದೆ. ಮ್ಯಾಟ್ರಿಕ್ಸ್‌ಗೆ ಕಾಣುವುದು ಹೆಚ್ಚಾಗಿ ಕಪ್ಪು ನೀರು, ಹಾಗಾಗಿ ಬೆಳಕು ಏರಿಸುತ್ತದೆ. ಸ್ಪಾಟ್ ಅಳೆಯುವುದು ಫ್ರೇಮಿನ ಶೇ. 1.5ರಿಂದ 5ರಷ್ಟಿರುವ ಒಂದು ವೃತ್ತವನ್ನು ಮಾತ್ರ. ಆ ವೃತ್ತ ಪೂರ್ತಿ ಗರಿಯ ಮೇಲಿದ್ದರೆ +1.7 ಇವಿ ಕಾಂಪನ್ಸೇಷನ್ ಕೊಡಿ (ಮೀಟರ್ ಹೇಳಿದ್ದಕ್ಕಿಂತ 1.7 ಸ್ಟಾಪ್ ಹೆಚ್ಚು ಬೆಳಕು; ಒಂದು ಸ್ಟಾಪ್ ಎಂದರೆ ಎರಡು ಪಟ್ಟು). ಅಳೆಯಬೇಕಾದ್ದು ಬಿಸಿಲು ಬಿದ್ದ ಬೆನ್ನನ್ನು, ನೆರಳಿನ ಹೊಟ್ಟೆಯನ್ನಲ್ಲ. ಹಕ್ಕಿ ವೃತ್ತಕ್ಕಿಂತ ಚಿಕ್ಕದಿದ್ದರೆ ನೀರೂ ಲೆಕ್ಕಕ್ಕೆ ಸೇರಿ, ಅದೇ +1.7 ಗರಿಯನ್ನು ಮತ್ತೆ ಸುಡುತ್ತದೆ.

ಉತ್ತರ 2: ಸ್ಪಾಟ್ ವೃತ್ತ ಎಲ್ಲಿದೆ ಅಂತ ಮೊದಲು ಮ್ಯಾನ್ಯುಯಲ್‌ನಲ್ಲಿ ನೋಡಿ. ಕೆಲವು ಕ್ಯಾಮೆರಾಗಳಲ್ಲಿ ಅದು ಫೋಕಸ್ ಪಾಯಿಂಟ್ ಜೊತೆ ಚಲಿಸುತ್ತದೆ, ಕೆಲವದರಲ್ಲಿ ನಡುವಿನಲ್ಲೇ ಇರುತ್ತದೆ. ನಡುವಿನಲ್ಲಿದ್ದರೆ ಹಕ್ಕಿಯನ್ನು ಅಲ್ಲಿಗೆ ತಂದು, ಎಇ ಲಾಕ್ (ಅಳೆದ ಬೆಳಕಿನ ಲೆಕ್ಕವನ್ನು ಬದಲಾಗದಂತೆ ಹಿಡಿದಿಡುವ ಬಟನ್) ಒತ್ತಿ ಹಿಡಿದು, ಆಮೇಲೆ ಫ್ರೇಮ್ ಮಾಡಿ. ಹೈಲೈಟ್ ಮೀಟರಿಂಗ್ (ಅತಿ ಹೊಳೆಯುವ ಭಾಗ ಸುಡದಂತೆ ಅಳೆಯುವ ರೀತಿ) ಇದ್ದರೆ ಇಂಥ ದೃಶ್ಯಕ್ಕೆ ನನ್ನ ಆಯ್ಕೆ ಅದೇ.

ಉತ್ತರ 3: ಬೆಳಕು ಬದಲಾಗದಿದ್ದರೆ ಮ್ಯಾನ್ಯುಯಲ್ ಮೋಡ್‌ಗೆ ಹೋಗಿಬಿಡಿ. ಹಕ್ಕಿ ಹಾರಿ ಹಿನ್ನೆಲೆ ಆಕಾಶವಾದರೂ ಅದರ ಮೇಲಿನ ಬಿಸಿಲು ಅಷ್ಟೇ ತಾನೆ! ನಿಮ್ಮ ಬೆನ್ನ ಹಿಂದಿನಿಂದ ಹಕ್ಕಿಯ ಮೇಲೆ ಬೀಳುವ ಪ್ರಖರ ಬಿಸಿಲಿಗೆ ಐಎಸ್ಒ 400, ಎಫ್/8 ಇಟ್ಟರೆ ಶಟರ್ 1/1600 ಸೆಕೆಂಡ್ ಸಾಮಾನ್ಯ ಲೆಕ್ಕ. ಬಿಳಿ ಗರಿಗೆ ಒಂದು ಸ್ಟಾಪ್ ಇಳಿಸಿ 1/3200 ಮಾಡಿ. ಆಟೋ ಐಎಸ್ಒ ಆಫ್ ಇರಲಿ, ಇಲ್ಲದಿದ್ದರೆ ಮೀಟರ್ ಆ ದಾರಿಯಿಂದ ಮತ್ತೆ ಕೈಹಾಕುತ್ತದೆ. ಮಿನುಗುವ ಹೈಲೈಟ್ ಎಚ್ಚರಿಕೆ ಗರಿಯ ಮೇಲೆ ಕಂಡರೆ ಇನ್ನೂ ಮೂರನೇ ಒಂದು ಸ್ಟಾಪ್ ಇಳಿಸಿ.