ಹಳೇ ಡ್ರಿಲ್ಲಿಂಗ್ ಮಷೀನಿಗೆ ಹೊಸ ಚಕ್ ಹಾಕ್ಬೇಕು, ಯಾವ ಟೇಪರ್ ಅಂತ ಗೊತ್ತಾಗ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಒಂದು ಹಳೇ ಬೆಂಚ್ ಡ್ರಿಲ್ಲಿಂಗ್ ಮಷೀನ್ ಇದೆ, ಮೋಟ್ರು ಬೆಲ್ಟು ಎಲ್ಲಾ ಗಟ್ಟಿಮುಟ್ಟಾಗಿದೆ, ಬಿಟ್ ಹಿಡಿಯೋ ಚಕ್ ಒಂದೇ ಸವೆದು ಹೋಗಿರೋದು. 3 ಎಂಎಂಗಿಂತ ಸಣ್ಣ ಬಿಟ್ ಹಾಕಿದ್ರೆ ಹಿಡಿಯೋದೇ ಇಲ್ಲ, ದೊಡ್ಡದು ಹಾಕಿದ್ರೆ ತುದಿ ಅಲ್ಲಾಡ್ಕೊಂಡು ಪಂಚ್ ಹೊಡೆದ ಜಾಗ ಬಿಟ್ಟು ಪಕ್ಕಕ್ಕೆ ಜಾರತ್ತೆ. ಕೈ ಡ್ರಿಲ್ಲಲ್ಲಿ ಇರೋ ಹಾಗೆ ಚಕ್ ಒಳಗೆ ಸ್ಕ್ರೂ ಇರ್ಬೋದು ಅಂತ ಬಾಯಿ ಪೂರ್ತಿ ತೆಗೆದು ನೋಡಿದೆ, ಏನೂ ಕಾಣ್ಲಿಲ್ಲ. ಮಷೀನ್ ಮೇಲೆ ನಂಬರ್ ಪ್ಲೇಟೂ ಇಲ್ಲ. ಇದನ್ನ ಬಿಚ್ಚೋದು ಹೇಗೆ, ಹೊಸದು ಯಾವ ಸೈಜ್ ತರ್ಬೇಕು, ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ 1:
ಪೈಪ್ ರೆಂಚ್ ಹಾಕಿ ತಿರುಗಿಸೋಕೆ ಮಾತ್ರ ಹೋಗ್ಬೇಡಿ ಸಾರ್. ಈ ಥರದ ಮಷೀನಲ್ಲಿ ಸಾಮಾನ್ಯವಾಗಿ ಥ್ರೆಡ್ ಇರಲ್ಲ, ಬರೀ ಟೇಪರ್ (ಒಂದು ತುದಿ ಕಡೆಗೆ ಸಣ್ಣಗಾಗ್ತಾ ಹೋಗೋ ದುಂಡನೆ ಭಾಗ) ಹಿಡಿತದ ಮೇಲೇ ಚಕ್ ನಿಂತಿರತ್ತೆ. ಮೊದ್ಲು ಪ್ಲಗ್ ಕಿತ್ತು, ಹ್ಯಾಂಡಲ್ ಎಳೆದು ಕ್ವಿಲ್ (ತಿರುಗೋ ದಂಡ ಅಂದ್ರೆ ಸ್ಪಿಂಡಲ್ ಇರೋ ಕೊಳವೆ) ಪೂರ್ತಿ ಕೆಳಗಿಳಿಸಿ. ಅದರ ಪಕ್ಕದಲ್ಲಿ ಒಂದು ಉದ್ದನೆ ಸ್ಲಾಟ್ ಇದ್ರೆ ಸ್ಪಿಂಡಲ್ ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಒಂದು ಕಡೆ ಬಂದಾಗ ಈಚೆಯಿಂದ ಆಚೆಗೆ ಬೆಳಕು ಕಾಣತ್ತೆ. ಹಂಗಿದ್ರೆ ಒಳಗೆ ಮೋರ್ಸ್ ಟೇಪರ್ ಆರ್ಬರ್ (ಚಕ್ಕನ್ನ ಸ್ಪಿಂಡಲ್‌ಗೆ ಸೇರಿಸೋ ಟೇಪರ್ ದಂಡ) ಇದೆ ಅಂತ ಅರ್ಥ, ಡ್ರಿಫ್ಟ್ (ಚಪ್ಪಟೆ ಬೆಣೆ) ತೂರಿಸಿ ಒಂದೇಟು ಕೊಟ್ರೆ ಆರ್ಬರ್ ಸಮೇತ ಚಕ್ ಕೆಳಗೆ ಬೀಳತ್ತೆ, ಟೇಬಲ್ ಮೇಲೆ ಮರದ ತುಂಡು ಇಟ್ಟಿರಿ. ಸ್ಲಾಟ್ ಇಲ್ಲ ಅಂದ್ರೆ ಸ್ಪಿಂಡಲ್ ತುದಿನೇ ಟೇಪರ್ ಆಗಿರತ್ತೆ, ಅದಕ್ಕೆ ಚಕ್ ಮೇಲ್ಗಡೆ ತೂರಿಸೋ ಒಂದು ಜೊತೆ ವೆಜ್ (ಬೆಣೆ) ಬೇಕು.

ಉತ್ತರ 2:
ವೆಜ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ವೆಜ್ ಸ್ಪಿಂಡಲ್ಲಿನ ಕಾಲರ್‌ಗೆ (ಬಳೆ ಥರದ ದಪ್ಪ ಅಂಚು) ತಾಗ್ಬೇಕು, ಕ್ವಿಲ್‌ಗೆ ತಾಗಿದ್ರೆ ಏಟೆಲ್ಲಾ ಬೇರಿಂಗ್ ಮೇಲೆ ಬೀಳತ್ತೆ. ಕಾಲರೇ ಇಲ್ಲ ಅಂದ್ರೆ, ಹಳೇ ಚಕ್ ಹೆಂಗೂ ಎಸೆಯೋದೇ ಅಲ್ವಾ, ಬಾಯಿ ಕಡೆಯಿಂದ ಅದರ ತಳಕ್ಕೆ ನಟ್ಟನಡುವೆ ತೂತು ಹಾಕಿ ಟ್ಯಾಪ್ ಮಾಡಿ (ಥ್ರೆಡ್ ಕೊರೆದು) ಬೋಲ್ಟ್ ತಿರುಗಿಸಿ, ಬೋಲ್ಟ್ ಸ್ಪಿಂಡಲ್ ತುದಿಗೆ ಒತ್ತಿ ಚಕ್ಕನ್ನ ತಾನೇ ತಳ್ಳತ್ತೆ.

ಇನ್ನೊಂದು, ದುಡ್ಡು ಹಾಕೋ ಮುಂಚೆ ಸ್ಪಿಂಡಲ್ ನೋಡ್ಕೊಳ್ಳಿ ದಯವಿಟ್ಟು. ಕ್ವಿಲ್ ಕೆಳಗಿಳಿಸಿ ಕೈಯಲ್ಲಿ ಹಿಡಿದು ಆಚೆ ಈಚೆ ಅಲ್ಲಾಡಿಸಿ, ಟಕ್ ಟಕ್ ಅಂದ್ರೆ ತೊಂದ್ರೆ ಬೇರಿಂಗಲ್ಲೋ ಕ್ವಿಲ್ಲಲ್ಲೋ ಇದೆ. ಚಕ್ ತೆಗೆದ ಮೇಲೆ ಟೇಪರ್‌ಗೆ ಡಯಲ್ ಗೇಜ್ (ಸಣ್ಣ ಓಲಾಟ ಅಳೆಯೋ ಮುಳ್ಳಿನ ಗೇಜ್) ಇಟ್ಟು ಕೈಯಲ್ಲೇ ತಿರುಗಿಸಿ, ಮುಳ್ಳು ಅಲ್ಲೇ ಓಲಾಡ್ತಿದ್ರೆ ಎಷ್ಟು ಒಳ್ಳೇ ಚಕ್ ತಂದ್ರೂ ಬಿಟ್ ನೆಟ್ಟಗೆ ತಿರುಗಲ್ಲ. ಎಷ್ಟೋ ಜನ ಚಕ್ ಮೇಲೆ ಚಕ್ ಬದಲಾಯಿಸ್ತಾರೆ, ಇದನ್ನ ಮಾತ್ರ ನೋಡಲ್ಲ, ಬೇಜಾರಾಗತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಸ್ಲಾಟ್ ಇರ್ಲಿಲ್ಲ, ಕಾಲರ್ ಇತ್ತು, ವೆಜ್ ಹಾಕಿ ತೆಗೆದೆ. ಅಲ್ಲಾಟ ಇಲ್ಲ, ಡಯಲ್ ಗೇಜಲ್ಲಿ 0.02 ಎಂಎಂ ಅಷ್ಟೇ. ಟೇಪರ್ ದಪ್ಪ ಕಡೆ ವರ್ನಿಯರ್‌ನಲ್ಲಿ ಸುಮಾರು 15.8 ಬರ್ತಿದೆ. ಇದು ಬಿ16 ಅನ್ನೋ ಟೇಪರ್ ಸೈಜ್ ತಾನೆ?

ಉತ್ತರ 3:
ತಡೀರಿ, ಆರ್ಡರ್ ಮಾಡ್ಬೇಡಿ. ಬಿ16 ದಪ್ಪ ತುದಿ 15.73, ಜೇಕಬ್ಸ್ ಟೇಪರ್ ಅಂದ್ರೆ ಜೆಟಿ ಸೈಜುಗಳಲ್ಲಿ ಜೆಟಿ33ದು 15.85, ಆ ಒಂದು ಅಳತೆ ನಂಬ್ಕೊಂಡ್ರೆ ಖಂಡಿತ ಎಡವಟ್ಟಾಗತ್ತೆ. ಸಾಲದ್ದಕ್ಕೆ ಜೆಟಿ6ರ ಸಣ್ಣ ತುದಿನೂ 15.85, ಆದ್ರೆ ನೀವು ಅಳೆದಿದ್ದು ದಪ್ಪ ಕಡೆ, ಜೆಟಿ6 ಆಗಿದ್ರೆ 17.17 ಬರ್ಬೇಕಿತ್ತು, ಅದನ್ನ ಬಿಡಿ. ನೋಡ್ಬೇಕಾಗಿರೋದು ಇಳಿಜಾರು. ಟೇಪರ್ ಮೇಲೆ ಮಾರ್ಕರ್‌ನಲ್ಲಿ 20 ಎಂಎಂ ಅಂತರಕ್ಕೆ ಎರಡು ಗೆರೆ ಎಳೀರಿ, ತೀರಾ ಅಂಚಿಗೆ ಬೇಡ, ಅಲ್ಲಿ ಚ್ಯಾಂಫರ್ (ಓರೆಯಾಗಿ ಕತ್ತರಿಸಿದ ಅಂಚು) ಇರತ್ತೆ. ಎರಡೂ ಕಡೆ ಮೈಕ್ರೋಮೀಟರ್ ಹಿಡಿದು ವ್ಯತ್ಯಾಸ ನೋಡಿ, 1 ಎಂಎಂ ಆಸುಪಾಸು ಬಂದ್ರೆ ಬಿ16, 1.27 ಹತ್ರ ಬಂದ್ರೆ ಜೆಟಿ33. ತಪ್ಪು ಟೇಪರ್ ಹಾಕಿದ್ರೂ ಮೊದ್ಲಿಗೆ ಕೂತ ಹಾಗೇ ಕಾಣತ್ತೆ, ಆದ್ರೆ ಒಂದು ತುದಿಯಲ್ಲಿ ಮಾತ್ರ ತಾಗಿರತ್ತೆ, ಲೋಡ್ ಬಿದ್ದಾಗ ಕಳಚ್ಕೊಳ್ಳತ್ತೆ, ಅದು ಕೈಗೆ ಬಡಿದ್ರೆ ಕಷ್ಟ.

ಪ್ರಶ್ನೆ ಕೇಳಿದವರು:
1.26 ಬಂತು! ಹಂಗಾದ್ರೆ ಜೆಟಿ33. ಕೂರಿಸುವಾಗ ಎಣ್ಣೆ ಗಿಣ್ಣೆ ಏನಾದ್ರೂ ಹಚ್ಬೇಕಾ? ಗಮ್ ಹಾಕಿದ್ರೆ ಇನ್ನೂ ಗಟ್ಟಿ ಅಂತ ಒಬ್ರು ಹೇಳಿದ್ರು.

ಉತ್ತರ 3:
ಎರಡೂ ಬೇಡ. ಸ್ಪಿಂಡಲ್ ಟೇಪರ್, ಚಕ್ ಒಳಗಿನ ತೂತು ಎರಡನ್ನೂ ಥಿನ್ನರ್ ಹಾಕಿ ಒರೆಸಿ, ಬಟ್ಟೆ ನೂಲು ಕೂಡ ಉಳೀಬಾರದು. ಬೆರಳು ಸವರಿದಾಗ ಚುಚ್ಚೋ ಬರ್ (ಲೋಹದ ಚೂಪು ಉಬ್ಬು) ಸಿಕ್ಕಿದ್ರೆ ನುಣ್ಣನೆ ಕಲ್ಲಲ್ಲಿ ಅಷ್ಟೇ ಜಾಗ ಉಜ್ಜಿ, ಇಡೀ ಟೇಪರ್‌ಗೆ ಎಮರಿ ಪೇಪರ್ ಹಾಕ್ಬೇಡಿ, ಆಕಾರ ಕೆಡತ್ತೆ. ಚಕ್ಕಿನ ಜಾ (ಬಿಟ್ ಕಚ್ಚಿ ಹಿಡಿಯೋ ಹಲ್ಲುಗಳು) ಪೂರ್ತಿ ಒಳಗೆ ಸೇರಿಸಿ, ಹೊರಗಿದ್ರೆ ಏಟು ಅದರ ಮೇಲೇ ಬಿದ್ದು ಹಾಳಾಗತ್ತೆ. ಆಮೇಲೆ ಕೈಯಲ್ಲಿ ಟಪ್ ಅಂತ ಮೇಲಕ್ಕೆ ಒತ್ತಿ ಕೂರಿಸಿ, ಕೆಳಗಿಂದ ಮರದ ಸುತ್ತಿಗೇಲಿ ಒಂದೆರಡು ನೇರ ಏಟು ಕೊಡಿ, ಸಾಕು.