ಗೂಡುದೀಪ ತಿರುಚಿಕೊಳ್ಳುತ್ತದೆ, ಏನು ಮಾಡುವುದು?

ಕಾಪು_ಕಡಲು:
ಪರ್ಬಕ್ಕೆ (ದೀಪಾವಳಿಗೆ) ಮಕ್ಕಳ ಕೈಯಲ್ಲೇ ಗೂಡುದೀಪ (ಆಕಾಶಬುಟ್ಟಿ) ಮಾಡಿಸಬೇಕು. ದೊಡ್ಡವನಿಗೆ 11, ಸಣ್ಣವಳಿಗೆ 7. ಬಿದಿರಿನ ಚೌಕಗಳನ್ನು ಕಟ್ಟಿ ಜೋಡಿಸಿದರೆ ಇಡೀ ಗೂಡು ತಿರುಚಿ ಕೂತುಬಿಡುತ್ತದೆ. ಗಂಟು ಸಡಿಲವಾ? ಕಾಗದ ಯಾವುದು ಒಳ್ಳೆಯದು? ಸಂಜೆ ಮಳೆ ಇನ್ನೂ ಬಿಟ್ಟಿಲ್ಲ.

ಬಿದಿರುಬುಟ್ಟಿ:
ಗಂಟಿನ ತಪ್ಪಲ್ಲ, ಆ ಆಕಾರವೇ ಹಾಗೆ. ತ್ರಿಕೋನ ಅಲುಗದು, ಚೌಕ ವಾಲುತ್ತದೆ.

ಗಂಟಿನಿಂದ ಗಂಟಿಗೆ 8 ಇಂಚು ಬರಬೇಕು. ಎರಡು ತುದಿಗೂ ಅರ್ಧರ್ಧ ಇಂಚು ಬಿಟ್ಟು 9 ಇಂಚಿನ 24 ಕಡ್ಡಿ ಕಡಿಯಿರಿ. 16 ಕಡ್ಡಿಯಲ್ಲಿ 4 ಚೌಕ. ಅವನ್ನು ಗಾಳಿಪಟದ ಹಾಗೆ ಮೂಲೆಯ ಮೇಲೆ ನಿಲ್ಲಿಸಿ, ಅಕ್ಕಪಕ್ಕದ ಮೂಲೆ ಸೇರಿಸಿ ಸುತ್ತ ಕಟ್ಟಿ. ಮೇಲೆ 4 ತುದಿ, ಕೆಳಗೆ 4 ತುದಿ ಉಳಿಯುತ್ತವೆ. ಮೇಲಿನವನ್ನು 4 ಕಡ್ಡಿಯಿಂದ, ಕೆಳಗಿನವನ್ನು 4 ಕಡ್ಡಿಯಿಂದ ಬಿಗಿಯಿರಿ. 6 ಚೌಕ, 8 ತ್ರಿಕೋನದ ಗೂಡು ಆಯಿತು.

ಇಷ್ಟಾದರೂ ಮೇಲಿಂದ ಒತ್ತಿದರೆ ತಿರುಗುತ್ತಾ ಕುಸಿಯುತ್ತದೆ. ಆರೂ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದೊಂದು ಓರೆ ಕಡ್ಡಿ ಕಟ್ಟಿ, ಸುಮಾರು 12 ಇಂಚಿನದು. ಆಮೇಲೆ ಅಲುಗಾಡಿದರೆ ಹೇಳಿ.

ಕಡ್ಡಿ ಬಿದಿರಿನ ಸಿಪ್ಪೆಯ ಭಾಗದ್ದೇ ಆಗಬೇಕು, ಒಳಗಿನ ಬಿಳಿ ಭಾಗ ಪಟ್ಟನೆ ಮುರಿಯುತ್ತದೆ. ಹಸಿ ಬಿದಿರು ಒಣಗುವಾಗ ಕುಗ್ಗಿ ಗಂಟು ಸಡಿಲವಾಗುತ್ತದೆ, ಸೀಳಿ ನಾಲ್ಕೈದು ದಿನ ಒಣಗಿಸಿ. ಸೀಳಿದ ಅಂಚು ಬ್ಲೇಡಿನಷ್ಟೇ ಹರಿತ. ಮಕ್ಕಳಿಗೆ ಕೊಡುವ ಮೊದಲು ನೀವೇ ಕತ್ತಿಯಿಂದ ಹೆರೆದು, ಮರಳು ಕಾಗದದಲ್ಲಿ ಉಜ್ಜಿ.

ಬಣ್ಣದಕಾಗದ_ಉಡುಪಿ:
ಗಾಳಿಪಟದ ತೆಳು ಕಾಗದವೇ ಚಂದ, ಬೆಳಕು ಮೃದುವಾಗಿ ಹರಡುತ್ತದೆ. ಆದರೆ ಒಂದು ಹನಿ ಬಿದ್ದರೆ ಬಣ್ಣ ಇಳಿಯುತ್ತದೆ, ಮಾಡಿನ (ಸೂರಿನ) ಅಂಚಿನಿಂದ ಒಳಗೆ ಕಟ್ಟಿ. ಗ್ಲಾಸ್ ಪೇಪರ್ (ಪಾರದರ್ಶಕ ಬಣ್ಣದ ಹಾಳೆ) ಹೊಳೆಯುತ್ತದೆ, ಆದರೆ ಮೈದಾ ಅಂಟು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ.

ಅಂಟು: 2 ದೊಡ್ಡ ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕೈಯಾಡಿಸಿ. ಹುಳ ಬಾರದಿರಲು ಮೈಲುತುತ್ತು ಹಾಕುವ ರೂಢಿ ಉಂಟು. ಅದು ವಿಷ, ಮಕ್ಕಳು ಕೈ ಹಾಕುವ ಪಾತ್ರೆಗೆ ಖಂಡಿತ ಬೇಡ.

ಕಾಗದವನ್ನು ಸುತ್ತಲೂ ಅರ್ಧ ಇಂಚು ಹೆಚ್ಚು ಕತ್ತರಿಸಿ, ಅಂಟನ್ನು ಕಡ್ಡಿಗೆ ಹಚ್ಚಿ, ಅಂಚನ್ನು ಕಡ್ಡಿಗೆ ಮಡಚಿ. ಕಾಗದಕ್ಕೇ ಹಚ್ಚಿದರೆ ನೆನೆದು ಹರಿಯುತ್ತದೆ. ಕೆಳಗೆ ತೂಗುವ ಕಾಗದದ ಬಾಲ ಕತ್ತರಿಸುವುದು, ಅಂಟಿಸುವುದು ಎಲ್ಲ 7 ವರ್ಷದವಳಿಗೆ ಬಿಡಿ.

ಕಾಪು_ಕಡಲು:
ಓರೆ ಕಡ್ಡಿಯ ನೆರಳು ಕಾಣುವುದಿಲ್ಲವಾ? ಬಲ್ಬ್ ಎಲ್ಲಿ?

ಬಿದಿರುಬುಟ್ಟಿ:
ಕಾಣುತ್ತದೆ. ಬದಿಯ ನಾಲ್ಕನ್ನೂ ನೆಟ್ಟಗೆ, ಮೇಲಿನ ತುದಿಯಿಂದ ಕೆಳಗಿನ ತುದಿಗೆ ಕಟ್ಟಿದರೆ ವಿನ್ಯಾಸದ ಹಾಗೇ ಇರುತ್ತದೆ. ಮೇಲಿನ ಮತ್ತು ಕೆಳಗಿನ ಚೌಕಕ್ಕೆ ಕಾಗದ ಬೇಡ, ಬಿಸಿ ಹೊರಗೆ ಹೋಗಬೇಕು. ಮೇಲಿನ ಓರೆ ಕಡ್ಡಿಯಿಂದ ಹೋಲ್ಡರ್ ಇಳಿಬಿಟ್ಟು 5 ವ್ಯಾಟ್ ಎಲ್‌ಇಡಿ ಹಾಕಿ; ಹಳೆ ಬಗೆಯ 60 ವ್ಯಾಟ್ ಬಲ್ಬ್ ಕಾಗದವನ್ನು ಸುಡುತ್ತದೆ. ವೈರಿನ ಕೆಲಸ ದೊಡ್ಡವರದ್ದೇ. ಗೂಡನ್ನು ಬೇರೆ ಹುರಿಯಲ್ಲಿ ತೂಗಿಸಿ, ಭಾರ ವೈರಿನ ಮೇಲೆ ಬೀಳಬಾರದು.